ಪೋಲೀಸರ ಕೋವಿ ಮತ್ತು ಅದರ ಲೆಕ್ಕ

(ಕೊಂಡಾಪುರದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ನಿಂತವರು ಕದಂಬರಿಂದ ಹೊರಟು, ವಿಜಯನಗರವನ್ನು ಹಾಯ್ದು, ೧೯೫೬ಕ್ಕೆ ಬಂದು ಇಳಿಯುವುದು ವಾಡಿಕೆ. ಆ ದಾರಿ ನಮಗೂ ಪ್ರಿಯವಾದದ್ದೇ. ಆದರೆ ಈ ಸಲ ನಾವು ಆರಿಸಿಕೊಂಡಿರುವುದು ಹಬ್ಬಕ್ಕೆ ಅಷ್ಟಾಗಿ ಒಗ್ಗದ ವಿಷಯ: ಪೋಲೀಸರ ಕೈಯಲ್ಲಿರುವ ಕೋವಿ, ಅದನ್ನು ಹಿಡಿಯಲು ಅವರಿಗೆ ಕೊಡುವ ಶಿಕ್ಷಣ, ಹಾರಿಸಿದ ಮೇಲೆ ಅವರು ಒಪ್ಪಿಸಬೇಕಾದ ಲೆಕ್ಕ. ಹೋಳಿಗೆ ಊಟದ ಮುಂಚೆ ಇದೇಕೆ ಎಂದು ಯಾರಾದರೂ ಮೂಗು ಮುರಿದರೆ ಅವರು ನಮ್ಮ ನೆರೆಹೊರೆಯನ್ನು ಒಮ್ಮೆ ನೋಡಲಿ. ನಾವಿರುವ ಈ ಕೊಂಡಾಪುರದಲ್ಲಿಯೇ ತೆಲಂಗಾಣ ವಿಶೇಷ ಪೋಲೀಸಿನ ಎಂಟನೆಯ ಬೆಟಾಲಿಯನ್ನು ಬೀಡುಬಿಟ್ಟಿದೆ. ನಗರದ ಇನ್ನೊಂದು ಮಗ್ಗುಲಿಗೆ, ಶಿವರಾಮಪಲ್ಲಿಯಲ್ಲಿ, ಇಡೀ ದೇಶದ ಐ.ಪಿ.ಎಸ್. ಅಧಿಕಾರಿಗಳನ್ನು ತಯಾರು ಮಾಡುವ ಸರದಾರ ವಲ್ಲಭಭಾಯಿ ಪಟೇಲ್ ರಾಷ್ಟ್ರೀಯ ಪೋಲೀಸ್ ಅಕಾಡೆಮಿ ಇದೆ. ಹಿಮಾಯತ್ ಸಾಗರದ ಬಳಿ, ನಿಜಾಮರ ಕಾಲದ ಕೊತ್ವಾಲ ರಾಜಾ ಬಹದ್ದೂರ್ ವೆಂಕಟರಾಮ ರೆಡ್ಡಿಯವರ ಹೆಸರಿನಲ್ಲಿ, ರಾಜ್ಯದ ಅಕಾಡೆಮಿ ಇದೆ. ಪೋಲೀಸರಿಗೆ ಅಕ್ಷರಾಭ್ಯಾಸ ಮಾಡಿಸುವ ಊರು ಇದು. ಇಂಥ ಊರಿನಲ್ಲಿ ಬಾಳುವವರಿಗೆ ಆ ಪಾಠದಲ್ಲಿ ಏನಿದೆ, ಏನಿಲ್ಲ ಎಂಬುದು ಸ್ವಲ್ಪವಾದರೂ ತಿಳಿದಿರಬೇಡವೆ?

ಕನ್ನಡಿಗರಿಗೆ ಈ ವಿಷಯ ಹೊಸತೂ ಅಲ್ಲ. ಪೋಲೀಸರು ಗುಂಡು ಹಾರಿಸುವುದಕ್ಕೆ ನಮ್ಮ ಪತ್ರಿಕೆಗಳಲ್ಲಿ ಒಂದು ಪ್ರತ್ಯೇಕ ಪದವೇ ಇದೆ: 'ಗೋಲಿಬಾರು'. ಮರಾಠಿಯ ನೆರೆಯಿಂದ ಬಂದ ಪದ. ಒಂದು ಭಾಷೆಯಲ್ಲಿ ಒಂದು ಕೃತ್ಯಕ್ಕೆ ಬೇರೆಯಾದ ಹೆಸರು ನಿಂತಿತೆಂದರೆ ಆ ಕೃತ್ಯ ಜನರ ಅನುಭವದಲ್ಲಿ ಹಲವು ಸಲ ನಡೆದಿದೆ ಎಂದೇ ಅರ್ಥ.

ಗೌರಿಬಿದನೂರು ತಾಲ್ಲೂಕಿನ ವಿದುರಾಶ್ವತ್ಥವನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ; ಬೆಂಗಳೂರಿನಿಂದ ಇಲ್ಲಿಗೆ ರೈಲಿನಲ್ಲಿ ಬರುವವರಿಗೆ ಅದು ದಾರಿಯಲ್ಲಿಯೇ ಸಿಕ್ಕುವ ಸೀಮೆ. ೧೯೩೮ರ ಏಪ್ರಿಲ್ ೨೫ರಂದು ಧ್ವಜ ಸತ್ಯಾಗ್ರಹಕ್ಕಾಗಿ ಅಲ್ಲಿ ಕೂಡಿದ್ದ ಜನರ ಮೇಲೆ ಮೈಸೂರು ಸಂಸ್ಥಾನದ ಪೋಲೀಸರು ಗುಂಡು ಹಾರಿಸಿದರು. ಸತ್ತವರು ಸರಕಾರದ ಲೆಕ್ಕದಲ್ಲಿ ೧೦ ಮಂದಿ, ಜನರ ಲೆಕ್ಕದಲ್ಲಿ ೩೨. ಈ ಎರಡು ಅಂಕಿಗಳ ನಡುವಣ ಅಂತರವನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಿ; ನಾವು ಇಂದು ಹೇಳಬೇಕೆಂದಿರುವ ಬಹುಪಾಲು ಅದರಲ್ಲಿಯೇ ಅಡಗಿದೆ. ವಿಚಾರಣೆಗೆ ನಿವೃತ್ತ ನ್ಯಾಯಮೂರ್ತಿ ಸರ್ ವೇಪಾ ರಾಮೇಶಂ ಅವರ ಸಮಿತಿ ನೇಮಕವಾಯಿತು. ಕಾಂಗ್ರೆಸ್ಸಿನ ಪರವಾಗಿ ಸರದಾರ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿ ಒಪ್ಪಂದಕ್ಕೆ ಬಂದರು. ವಿದುರಾಶ್ವತ್ಥದ ಗುಂಡಿನ ಸುದ್ದಿ ಕೇಳಿ ಮೈಸೂರಿಗೆ ಬಂದ ಆ ಪಟೇಲರ ಹೆಸರೇ ಇಂದು ನಮ್ಮ ಶಿವರಾಮಪಲ್ಲಿಯ ಅಕಾಡೆಮಿಯ ಬಾಗಿಲ ಮೇಲಿದೆ. ಅವರು ಗೃಹಮಂತ್ರಿಗಳಾಗಿದ್ದಾಗ ಆ ಸಂಸ್ಥೆ ಮೌಂಟ್ ಅಬುವಿನಲ್ಲಿ ಆರಂಭವಾದದ್ದು ೧೯೪೮ರ ಸೆಪ್ಟೆಂಬರ್ ೧೫ರಂದು. ಹೈದರಾಬಾದಿನ ಪೋಲೀಸ್ ಕಾರ್ಯಾಚರಣೆ ನಡೆಯುತ್ತಿದ್ದ ವಾರವೂ ಅದೇ. ೧೯೭೫ರಲ್ಲಿ ಸಂಸ್ಥೆ ಇಲ್ಲಿಗೆ ಬಂತು. ಕಾಲದ ಲೀಲೆ ಎನ್ನೋಣ; ಅದಕ್ಕಿಂತ ಹೆಚ್ಚಿನ ಅರ್ಥ ಹುಡುಕುವುದು ಬೇಡ.

ಸ್ವಾತಂತ್ರ್ಯ ಬಂದ ಮೇಲೆ ಗೋಲಿಬಾರು ನಿಂತಿತೆ? ಇಲ್ಲ. ೧೯೫೨ರ ಸೆಪ್ಟೆಂಬರಿನಲ್ಲಿ, ಕಲಬುರಗಿ ರಾಯಚೂರು ಬೀದರಗಳು ಇನ್ನೂ ಹೈದರಾಬಾದು ರಾಜ್ಯದಲ್ಲಿದ್ದಾಗ, ಮುಲ್ಕಿ ಚಳವಳಿಯ ವಿದ್ಯಾರ್ಥಿಗಳ ಮೇಲೆ ಇದೇ ನಗರದ ಸಿಟಿ ಕಾಲೇಜಿನ ಬಳಿ ಗುಂಡು ಹಾರಿತು. ನ್ಯಾಯಮೂರ್ತಿ ಪಿಂಗಳಿ ಜಗನ್‌ಮೋಹನ ರೆಡ್ಡಿಯವರು ವಿಚಾರಣೆ ನಡೆಸಿದರು. ೧೯೮೦ರ ಜುಲೈ ೨೧ರಂದು ನರಗುಂದ ನವಲಗುಂದಗಳಲ್ಲಿ ಮಲಪ್ರಭೆಯ ನೀರಿನ ಕರದ ವಿರುದ್ಧ ಎದ್ದ ರೈತರ ಮೇಲೆ ಗುಂಡು ಹಾರಿ ರೈತರು ಸತ್ತರು. ಗುಂಪಿನ ಕೈಗೆ ಸಿಕ್ಕಿ ಪೋಲೀಸರೂ ಪ್ರಾಣ ಬಿಟ್ಟರು. ಇಂದಿಗೂ ಆ ದಿನವನ್ನು ಅಲ್ಲಿನ ರೈತರು ಹುತಾತ್ಮರ ದಿನವೆಂದು ಆಚರಿಸುತ್ತಾರೆ. ೨೦೦೮ರ ಜೂನ್ ೧೦ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ಸಾಲು ನಿಂತಿದ್ದವರ ನಡುವೆ ಗದ್ದಲವೆದ್ದು ಗೋಲಿಬಾರಾಯಿತು. ೨೦೧೯ರ ಡಿಸೆಂಬರ್ ೧೯ರಂದು ಮಂಗಳೂರಿನಲ್ಲಿ ಇಬ್ಬರು ಸತ್ತರು. ಇವು ಒಂದೊಂದೂ ಒಂದೊಂದು ಭಾಷಣಕ್ಕೆ ಸಾಕಾಗುವಷ್ಟು ದೊಡ್ಡ ಸಂಗತಿಗಳು; ಇಲ್ಲಿ ಹೆಸರು ಹೇಳಿ ಮುಂದೆ ಹೋಗುತ್ತೇವೆ.

ಗುಂಪಿನ ಮೇಲೆ ಗುಂಡು ಹಾರಿಸುವುದಕ್ಕೆ ನಿಯಮಗಳಿವೆ. ಮೊದಲು ಚೆದುರಿ ಹೋಗಿರೆಂದು ಆಜ್ಞೆ ಮಾಡಬೇಕು. ಮಾಡತಕ್ಕವರು ಮ್ಯಾಜಿಸ್ಟ್ರೇಟರು ಅಥವಾ ಠಾಣೆಯ ಅಧಿಕಾರಿ. ಅವರಿಲ್ಲದಾಗ ಸಬ್ ಇನ್ಸ್‌ಪೆಕ್ಟರಿಗೆ ಕಡಿಮೆಯಿಲ್ಲದವರು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಲ್ಲಿಯೂ ಹೀಗೆಯೇ ಇತ್ತು; ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ೧೪೮ನೆಯ ಕಲಮಿನಲ್ಲಿಯೂ ಹೀಗೆಯೇ ಇದೆ. ಆಮೇಲೆ ಎಚ್ಚರಿಕೆ, ಅಶ್ರುವಾಯು, ಲಾಠಿ. ಯಾವುದೂ ಸಾಗದೆ ಪ್ರಾಣಕ್ಕೆ ಸಂಚಕಾರ ಬಂದಾಗ ಮಾತ್ರ ಕೋವಿ. ೧೯೬೪ರಲ್ಲಿ ಎಲ್ಲ ರಾಜ್ಯಗಳ ಪೋಲೀಸ್ ಇನ್ಸ್‌ಪೆಕ್ಟರ್ ಜನರಲ್‌ಗಳ ಸಮ್ಮೇಳನ ಒಪ್ಪಿದ ಮಾದರಿ ನಿಯಮಗಳು ಇನ್ನೂ ಎರಡು ಮಾತು ಹೇಳುತ್ತವೆ: ಗುರಿ ತಗ್ಗಿನಲ್ಲಿರಬೇಕು, ಮತ್ತು ಗುಂಪಿನಲ್ಲಿ ಯಾವ ಭಾಗ ಅತ್ಯಂತ ಅಪಾಯಕಾರಿಯೋ ಅದರ ಕಡೆಗೇ ಇರಬೇಕು. ಅಗತ್ಯ ಮುಗಿದ ಕ್ಷಣವೇ ನಿಲ್ಲಿಸಬೇಕು.

ಇದನ್ನು ಹೇಳಿದಾಗ ನಮ್ಮ ಮನೆಗಳ ಹೆಂಗಸರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದುಂಟು: "ಜನರ ಮೇಲೇಕೆ ಹೊಡೀಬೇಕ್ರಿ? ಮ್ಯಾಲೆ ಗಾಳಿಯೊಳಗ ಹೊಡದ್ರ ಸಾಕಾಗೂದಿಲ್ಲೇನು?" ಕರುಣೆಯಿಂದ ಹುಟ್ಟಿದ ಪ್ರಶ್ನೆ, ಆದರೆ ಗುಂಡಿಗೆ ಕರುಣೆಯಿಲ್ಲ. ಪೋಲೀಸರು ಬಹುಕಾಲ ಹಿಡಿದ .೩೦೩ ರೈಫಲಿನಿಂದ ಹೊರಟ ಗುಂಡು ಎರಡು ಕಿಲೋಮೀಟರಿನಾಚೆಗೂ ಹೋಗಿ ಬೀಳಬಲ್ಲದು. ಮೇಲಕ್ಕೆ ಹೋದದ್ದು ಎಲ್ಲಿಯೋ ಒಂದು ಕಡೆ ಇಳಿಯಲೇಬೇಕು. ಹಾವೇರಿಯ ಬಯಲಿನಲ್ಲಿ ಅದು ಹೊಲಕ್ಕೆ ಬಿದ್ದೀತು. ಹತ್ತು ಹದಿನೈದು ಅಂತಸ್ತಿನ ಮನೆಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿರುವ ನಮ್ಮ ಕೊಂಡಾಪುರದಲ್ಲಿ ಅದು ಯಾರದೋ ಮೊಗಸಾಲೆಯಲ್ಲಿ ಅರಿವೆ ಒಣಹಾಕುತ್ತಿರುವ ತಾಯಿಗೆ ತಗುಲೀತು. ಗಲಭೆಗೂ ಆಕೆಗೂ ಯಾವ ಸಂಬಂಧವೂ ಇರದು. ಅದಕ್ಕಾಗಿಯೇ ತಲೆಯ ಮೇಲೆ ಹಾರಿಸಕೂಡದೆಂದು ಕಟ್ಟಲೆ.

ಇನ್ನೊಂದು ನಂಬಿಕೆ ಕಾಲಿಗೆ ಹೊಡೆಯುವುದು. ಬೆಂಗಳೂರು, ಹುಬ್ಬಳ್ಳಿ, ಕಲಬುರಗಿಯ ಪತ್ರಿಕೆಗಳನ್ನು ಫೋನಿನಲ್ಲಿ ಓದುವ ನಮಗೆಲ್ಲ 'ಆರೋಪಿಯ ಕಾಲಿಗೆ ಗುಂಡು' ಎಂಬ ತಲೆಬರಹ ಕಣ್ಣಿಗೆ ರೂಢಿಯಾಗಿಬಿಟ್ಟಿದೆ. ಒಳಗಿನ ಸುದ್ದಿಯೂ ಅಚ್ಚಿನಲ್ಲಿ ಎರೆದಂತೆ ಒಂದೇ: ಸ್ಥಳ ತೋರಿಸಲು ಕರೆದೊಯ್ದಾಗ ಪೋಲೀಸರ ಮೇಲೆ ಹಲ್ಲೆ ಮಾಡಿದ, ಒಂದು ಗುಂಡು ಗಾಳಿಯಲ್ಲಿ, ಒಂದು ಕಾಲಿಗೆ. ಪ್ರತಿಯೊಂದೂ ಸುಳ್ಳೆಂದು ಹೇಳುವ ಅಧಿಕಾರ ನಮಗಿಲ್ಲ. ಆದರೆ ಇಷ್ಟು ಹೇಳಬಹುದು. ತೊಡೆಯ ದೊಡ್ಡ ರಕ್ತನಾಳ ಹರಿದರೆ ಮನುಷ್ಯ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಆದ್ದರಿಂದ ಕಾಲಿಗೆ ಬಿದ್ದ ಗುಂಡೂ ಪ್ರಾಣಾಂತಕ ಅಸ್ತ್ರವೇ. ಓಡುತ್ತಿರುವವನ ಕಾಲಿಗೆ, ಕತ್ತಲಲ್ಲಿ, ಎದೆ ಡವಗುಡುತ್ತಿರುವಾಗ, ಕೈಪಿಸ್ತೂಲಿನಿಂದ ಗುರಿ ಇಡುವುದು ಚಲನಚಿತ್ರದ ನಾಯಕನಿಗೆ ಸುಲಭ, ಸಂಬಳದ ಪೋಲೀಸನಿಗೆ ಕಠಿಣ. ಅಷ್ಟು ಸಲ ಅಷ್ಟು ಕರಾರುವಾಕ್ಕಾಗಿ ಮೊಣಕಾಲಿನ ಕೆಳಗೇ ಗುಂಡು ಬೀಳುತ್ತದೆಂದರೆ, ಓಡುತ್ತಿದ್ದವನು ಎಷ್ಟು ದೂರ ಓಡುತ್ತಿದ್ದ ಎಂದು ಕೇಳುವ ಹಕ್ಕು ಓದುಗರಿಗಿದೆ.

ಈಗ ನಮ್ಮ ಮನೆಯ ಬಾಗಿಲಿಗೇ ಬಂದ ಸಂಗತಿಗೆ ಬರುತ್ತೇವೆ. ಇದನ್ನು ಹೇಳದೆ ಹೈದರಾಬಾದಿನಲ್ಲಿ ಈ ವಿಷಯ ಮಾತನಾಡಿದರೆ ಪ್ರಯೋಜನವಿಲ್ಲ.

೨೦೧೯ರ ನವೆಂಬರ್ ೨೭ರ ರಾತ್ರಿ ಶಂಷಾಬಾದಿನ ತೊಂಡುಪಲ್ಲಿ ಟೋಲ್ ಗೇಟಿನ ಬಳಿ ಒಬ್ಬ ಯುವ ಪಶುವೈದ್ಯೆಯ ಮೇಲೆ ಅತ್ಯಾಚಾರವೆಸಗಿ ಕೊಂದು, ದೇಹವನ್ನು ಶಾದನಗರದ ಹತ್ತಿರ ಚಟಾನ್‌ಪಲ್ಲಿಯ ಸೇತುವೆಯ ಕೆಳಗೆ ಸುಟ್ಟರು. ಆ ಹೆಣ್ಣುಮಗಳ ಹೆಸರು ಹೇಳಬಾರದೆಂಬುದು ಕಾನೂನು, ನಾವೂ ಹೇಳುವುದಿಲ್ಲ. ನಾಲ್ವರನ್ನು ಹಿಡಿದರು. ಡಿಸೆಂಬರ್ ೬ರ ನಸುಕಿನಲ್ಲಿ, ವಸ್ತುಗಳನ್ನು ತೋರಿಸಲೆಂದು ಪೋಲೀಸರು ಅವರನ್ನು ಅದೇ ಚಟಾನ್‌ಪಲ್ಲಿಗೆ ಕರೆದೊಯ್ದರು. ನಾಲ್ವರೂ ಅಲ್ಲಿಯೇ ಗುಂಡಿಗೆ ಬಲಿಯಾದರು. ಅವರು ಪಿಸ್ತೂಲು ಕಸಿದುಕೊಂಡು ಹಾರಿಸಿದರು, ಆತ್ಮರಕ್ಷಣೆಗಾಗಿ ನಾವು ತಿರುಗಿ ಹಾರಿಸಿದೆವು ಎಂದು ಪೋಲೀಸರು ಹೇಳಿದರು. ಅದೇ ದಿನ ಜನ ನೆರೆದು ಪೋಲೀಸರ ಮೇಲೆ ಹೂವಿನ ಪಕಳೆ ಚೆಲ್ಲಿದರು. ಆಗ ಸೈಬರಾಬಾದಿನ ಪೋಲೀಸ್ ಕಮಿಷನರಾಗಿದ್ದವರು ಹುಬ್ಬಳ್ಳಿಯ ಶ್ರೀ ವಿ. ಸಿ. ಸಜ್ಜನರ. ಹುಬ್ಬಳ್ಳಿಯಲ್ಲಿ ಸಂಭ್ರಮವಾಯಿತು, ಇಲ್ಲಿನ ಕನ್ನಡ ಕುಟುಂಬಗಳಲ್ಲಿಯೂ 'ನಮ್ಮ ಮಂದಿ' ಎಂದು ಎದೆಯುಬ್ಬಿಸಿದವರಿದ್ದರು.

ಆ ಹೆಮ್ಮೆಯ ಹಿಂದೆ ಏನಿತ್ತೆಂಬುದನ್ನು ಹಗುರಾಗಿ ಕಾಣಬಾರದು. ನಮ್ಮ ಹೆಣ್ಣುಮಕ್ಕಳು ಮಾಧಾಪುರ, ಗಚ್ಚಿಬೌಲಿಗಳ ಕಚೇರಿಗಳಿಂದ ರಾತ್ರಿ ಪಾಳಿ ಮುಗಿಸಿ ಮನೆಗೆ ಬರುತ್ತಾರೆ. ಲಿಫ್ಟಿನ ಸದ್ದು ಕೇಳುವವರೆಗೆ ತಾಯಿಗೆ ನಿದ್ರೆಯಿಲ್ಲ. ೨೦೧೨ರ ಡಿಸೆಂಬರ್ ೧೬ರ ದಿಲ್ಲಿಯ ಘಟನೆಯಲ್ಲಿ ಅಪರಾಧಿಗಳು ನೇಣಿಗೇರಿದ್ದು ೨೦೨೦ರ ಮಾರ್ಚ್ ೨೦ರಂದು. ಏಳು ವರ್ಷ ಮೂರು ತಿಂಗಳು ಹಿಡಿಯಿತು. ಇಷ್ಟು ಕಾಲ ಕಾಯಲಾರದವರು 'ಅಲ್ಲಿಂದಲ್ಲಿಗೇ ಮುಗಿಸಿದರು, ಒಳ್ಳೆಯದಾಯಿತು' ಎಂದರೆ ಅದು ನ್ಯಾಯದ ಮೇಲಿನ ದ್ವೇಷದಿಂದ ಬಂದ ಮಾತಲ್ಲ; ನ್ಯಾಯದ ಆಸೆ ಬತ್ತಿಹೋದಾಗ ಬರುವ ಮಾತು. ಇದನ್ನು ಒಪ್ಪಿಕೊಂಡೇ ಮುಂದಿನ ಸಂಗತಿಗಳನ್ನು ನೋಡೋಣ.

ಸುಪ್ರೀಂ ಕೋರ್ಟು ೨೦೧೯ರ ಡಿಸೆಂಬರ್ ೧೨ರಂದು ಒಂದು ಆಯೋಗವನ್ನು ನೇಮಿಸಿತು. ಅಧ್ಯಕ್ಷರು ನಿವೃತ್ತ ನ್ಯಾಯಮೂರ್ತಿ ವಿ. ಎಸ್. ಸಿರ್‌ಪುರಕರ್, ಸದಸ್ಯರು ಬೊಂಬಾಯಿ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶೆ ರೇಖಾ ಸೊಂಡೂರ್ ಬಲ್ದೋಟಾ, ಮತ್ತು ಸಿ.ಬಿ.ಐ. ನಿರ್ದೇಶಕರಾಗಿದ್ದ ಡಿ. ಆರ್. ಕಾರ್ತಿಕೇಯನ್. ಕಾರ್ತಿಕೇಯನ್ ಅವರು ಕರ್ನಾಟಕ ಶ್ರೇಣಿಯ ಪೋಲೀಸ್ ಅಧಿಕಾರಿ, ರಾಜೀವ ಗಾಂಧಿಯವರ ಹತ್ಯೆಯ ತನಿಖೆಯನ್ನು ನಡೆಸಿದವರು. ಅಂದರೆ ಪೋಲೀಸರ ಕಷ್ಟ ಅರಿಯದವರ ಕೂಟವಲ್ಲ ಅದು. ೨೦೨೨ರ ಜನವರಿಯಲ್ಲಿ ಅವರು ವರದಿ ಒಪ್ಪಿಸಿದರು; ಮೇ ೨೦ರಂದು ಸುಪ್ರೀಂ ಕೋರ್ಟು ಅದನ್ನು ಬಹಿರಂಗಪಡಿಸಿ ಮುಂದಿನ ಕ್ರಮಕ್ಕಾಗಿ ತೆಲಂಗಾಣ ಹೈಕೋರ್ಟಿಗೆ ಕಳುಹಿಸಿತು.

ವರದಿ ಏನೆನ್ನುತ್ತದೆ? ಸತ್ತವರು ಪಿಸ್ತೂಲು ಕಸಿದುಕೊಳ್ಳಲೂ ಇಲ್ಲ, ಹಾರಿಸಲೂ ಇಲ್ಲ. ಅವರು ಸಾಯಲೆಂದು ತಿಳಿದೇ ಅವರ ಮೇಲೆ ಗುಂಡು ಹಾರಿಸಲಾಯಿತು. ಹತ್ತು ಮಂದಿ ಪೋಲೀಸರ ಮೇಲೆ ಕೊಲೆಯ ಕಲಮಿನಡಿ ವಿಚಾರಣೆ ನಡೆಯಬೇಕು. ಆ ಹತ್ತು ಹೆಸರುಗಳಲ್ಲಿ ಕಮಿಷನರ ಹೆಸರಿಲ್ಲವೆಂಬುದನ್ನು ಹೇಳುವುದು ನ್ಯಾಯ. ಇದು ಆಯೋಗದ ಅಭಿಪ್ರಾಯ, ಅಪರಾಧ ನಿರ್ಣಯಿಸುವ ನ್ಯಾಯಾಲಯದ ತೀರ್ಪಲ್ಲ ಎಂಬುದನ್ನು ಹೇಳುವುದೂ ನ್ಯಾಯ. ಆ ಪೋಲೀಸರಿಗೂ ತಮ್ಮ ಮಾತು ಹೇಳುವ ಹಕ್ಕುಂಟು. ಆದರೆ ಆ ಹಕ್ಕು ಚಟಾನ್‌ಪಲ್ಲಿಯ ನಾಲ್ವರಿಗೆ ಸಿಕ್ಕಲಿಲ್ಲ. ವರದಿಯಲ್ಲಿ ಇನ್ನೊಂದು ಮಾತಿದೆ, ಅದು ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ: ಆ ನಾಲ್ವರಲ್ಲಿ ಮೂವರು ಘಟನೆಯ ಕಾಲಕ್ಕೆ ಹದಿನೆಂಟು ತುಂಬದವರು ಎಂದು ಆಯೋಗಕ್ಕೆ ಕಂಡಿತು. ವಯಸ್ಸನ್ನು ನೋಡತಕ್ಕ ನ್ಯಾಯಾಧೀಶರ ಮುಂದೆ ಅವರು ಬರುವ ಮೊದಲೇ ಎಲ್ಲವೂ ಮುಗಿದುಹೋಗಿತ್ತು.

ಅವರೇ ಅಪರಾಧಿಗಳೆಂದು ಇಟ್ಟುಕೊಳ್ಳಿ. ಆಗಲೂ ನಷ್ಟವಾದದ್ದು ಯಾರಿಗೆ? ಆ ಪಶುವೈದ್ಯೆಯ ತಂದೆತಾಯಿಗಳಿಗೆ ಒಂದು ತೀರ್ಪು ಸಿಕ್ಕಬೇಕಾಗಿತ್ತು. ಯಾರು ಮಾಡಿದರು, ಹೇಗೆ ಮಾಡಿದರು, ಬೇರೆ ಯಾರಾದರೂ ಇದ್ದರೆ ಎಂಬುದೆಲ್ಲ ಸಾಕ್ಷಿ, ಪಾಟೀಸವಾಲುಗಳಲ್ಲಿ ತೊಳೆದು ಹೊರಬರಬೇಕಾಗಿತ್ತು. ಆ ಬಾಗಿಲು ಮುಚ್ಚಿತು. ಅವರು ಅಪರಾಧಿಗಳಲ್ಲವೆಂದು ಇಟ್ಟುಕೊಂಡರಂತೂ ಹೇಳುವುದೇ ಬೇಡ. ನಿಜವಾದವನು ಅದೇ ಹೆದ್ದಾರಿಯಲ್ಲಿ ಅಡ್ಡಾಡಿಕೊಂಡಿರುತ್ತಾನೆ. ಇವೆರಡರಲ್ಲಿ ಯಾವುದು ನಿಜವೆಂದು ಹೇಳಬಲ್ಲ ಏಕೈಕ ಸ್ಥಳ ನ್ಯಾಯಾಲಯ.

ಜನ ಮರೆತುಬಿಟ್ಟ ಇನ್ನೊಂದು ಸಂಗತಿಯುಂಟು. ಮಗಳು ಕಾಣೆಯಾಗಿದ್ದಾಳೆಂದು ಮನೆಯವರು ಆ ರಾತ್ರಿ ಠಾಣೆಗೆ ಹೋದಾಗ ದೂರು ಬರೆದುಕೊಳ್ಳಲು ತಡಮಾಡಿದರೆಂಬ ಕಾರಣಕ್ಕೆ ಒಬ್ಬ ಸಬ್ ಇನ್ಸ್‌ಪೆಕ್ಟರು ಮತ್ತು ಇಬ್ಬರು ಹೆಡ್ ಕಾನ್‌ಸ್ಟೇಬಲ್ಲುಗಳನ್ನು ಅಮಾನತುಗೊಳಿಸಲಾಯಿತು. ಇದು ಯಾರ ಸರಹದ್ದು ಎಂಬ ಚರ್ಚೆಯಲ್ಲಿ ಹೊತ್ತು ಕಳೆಯಿತು. ರಾತ್ರಿ ಹನ್ನೊಂದು ಗಂಟೆಗೆ ಒಬ್ಬ ತಂದೆ ಬಂದರೆ ಕೂಡಲೇ ಪುಸ್ತಕ ತೆಗೆದು ಬರೆದುಕೊಳ್ಳುವ ಒಬ್ಬ ಠಾಣೆಯವನು, ಬರೆದುಕೊಂಡು ಜೀಪು ಹೊರಡಿಸುವ ಒಬ್ಬ ಅಧಿಕಾರಿ, ಇವರಿಂದ ನಮ್ಮ ಹೆಣ್ಣುಮಕ್ಕಳಿಗೆ ಆಗುವಷ್ಟು ಉಪಕಾರ ದಿನಗಳು ಕಳೆದ ಮೇಲೆ ಹಾರಿದ ಗುಂಡಿನಿಂದ ಆಗಲಾರದು. ಹೂವಿನ ಪಕಳೆ ಚೆಲ್ಲುವವರು ಅಂಥ ಠಾಣೆಯ ಮೇಲೆ ಚೆಲ್ಲಲಿ, ನಾವೂ ಬುಟ್ಟಿ ಹಿಡಿದು ಬರುತ್ತೇವೆ.

ಕೈಕೋಳದ ಮಾತನ್ನೂ ಇಲ್ಲಿಯೇ ಹೇಳಿಬಿಡಬೇಕು. ಚಟಾನ್‌ಪಲ್ಲಿಗೆ ಕರೆದೊಯ್ದಾಗ ಆ ನಾಲ್ವರಿಗೆ ಕೋಳ ಹಾಕಿರಲಿಲ್ಲ. ೧೯೮೦ರಲ್ಲಿ ಪ್ರೇಮಶಂಕರ ಶುಕ್ಲಾ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಕೋಳವನ್ನು ಯಾಂತ್ರಿಕವಾಗಿ ಹಾಕಕೂಡದೆಂದು ಹೇಳಿತ್ತು. ಅದು ಮನುಷ್ಯನ ಮಾನಕ್ಕಾಗಿ ಹೇಳಿದ ಮಾತು. ಹೊಸ ಸಂಹಿತೆಯ ೪೩ನೆಯ ಕಲಮು ಕೊಲೆ, ಅತ್ಯಾಚಾರ ಮುಂತಾದ ಘೋರ ಆರೋಪಗಳಲ್ಲಿ ಕೋಳ ಹಾಕಲು ಅಧಿಕಾರಿಗೆ ಅವಕಾಶ ಕೊಟ್ಟಿದೆ. ಹಾಗಾದರೆ ಇನ್ನು ಮುಂದೆ 'ಕಸಿದುಕೊಂಡು ಓಡಿದ' ಎಂಬ ವರದಿ ಬಂದಾಗಲೆಲ್ಲ ಮೊದಲು ಕೇಳಬೇಕಾದದ್ದು: ಅಷ್ಟು ಅಪಾಯಕಾರಿಯಾದವನ ಕೈಗೆ ಕೋಳ ಏಕಿರಲಿಲ್ಲ?

ಇಂಥ ಸಾವುಗಳಿಗೆ ಲೆಕ್ಕ ಕೇಳುವ ಪದ್ಧತಿಯನ್ನು ಈ ದೇಶಕ್ಕೆ ಹಾಕಿಕೊಟ್ಟವರಲ್ಲಿ ಒಬ್ಬ ಕನ್ನಡಿಗರಿದ್ದಾರೆ. ರಾಜ್ಯೋತ್ಸವದ ದಿನ ಅವರ ಹೆಸರನ್ನು ಎತ್ತಲೇಬೇಕು. ಬೆಂಗಳೂರಿನ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯನವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿ ನಿವೃತ್ತರಾದ ಮೇಲೆ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗದ ಅಧ್ಯಕ್ಷರಾದರು. ಆಗ ಆಂಧ್ರ ಪ್ರದೇಶದಲ್ಲಿ 'ಎದುರುಕಾಳಗ'ಗಳೆಂದು ದಾಖಲಾಗುತ್ತಿದ್ದ ಸಾವುಗಳ ಬಗ್ಗೆ ಇಲ್ಲಿನ ನಾಗರಿಕ ಹಕ್ಕುಗಳ ಸಂಘದವರು ಆಯೋಗಕ್ಕೆ ದೂರು ಒಯ್ದಿದ್ದರು. ಇಂಥ ಸಾವಾದಾಗ, ಸತ್ತವನ ಮೇಲೆ ಕೊಲೆಯತ್ನದ ಮೊಕದ್ದಮೆ ದಾಖಲಿಸಿ, ಅವನು ಸತ್ತಿದ್ದಾನೆಂದು ಅದನ್ನು ಮುಚ್ಚಿಬಿಡುವುದು ರೂಢಿ. ಕೊಂದವರ ಕಡೆಯಿಂದ ಮಾತ್ರ ಕತೆ. ಕತೆಯನ್ನು ಬರೆದುಕೊಳ್ಳುವ ಠಾಣೆಯೂ ಅವರದೇ. ೧೯೯೭ರ ಮಾರ್ಚ್ ೨೯ರಂದು ವೆಂಕಟಾಚಲಯ್ಯನವರು ಎಲ್ಲ ಮುಖ್ಯಮಂತ್ರಿಗಳಿಗೂ ಪತ್ರ ಬರೆದರು. ಅದರ ತಿರುಳು ಇಷ್ಟೆ: ಪೋಲೀಸನ ಪ್ರಾಣ ಕಸಿಯುವ ಅಧಿಕಾರ ಆತ್ಮರಕ್ಷಣೆಯ ಹಕ್ಕಿನ ಮಿತಿಯೊಳಗೇ ಇರುವಂಥದು, ಅದು ನಿಜವೋ ಅಲ್ಲವೋ ಎಂಬುದನ್ನು ತನಿಖೆ ತೀರ್ಮಾನಿಸಬೇಕು, ಆ ತನಿಖೆ ಅದೇ ಠಾಣೆಯವರ ಕೈಯಲ್ಲಿರಬಾರದು.

ಆ ಬೀಜವೇ ೨೦೧೪ರ ಸೆಪ್ಟೆಂಬರ್ ೨೩ರಂದು ಸುಪ್ರೀಂ ಕೋರ್ಟಿನ ತೀರ್ಪಾಗಿ ಬೆಳೆಯಿತು. ನ್ಯಾಯಮೂರ್ತಿ ಲೋಧಾ ಮತ್ತು ನ್ಯಾಯಮೂರ್ತಿ ನಾರಿಮನ್ ಅವರು ಹದಿನಾರು ನಿಯಮಗಳನ್ನು ಹಾಕಿಕೊಟ್ಟರು. ಎಲ್ಲವನ್ನೂ ಓದಿ ನಿಮ್ಮ ಊಟ ತಣ್ಣಗಾಗಿಸುವುದಿಲ್ಲ, ಕೆಲವನ್ನು ಹೇಳುತ್ತೇವೆ. ಸಾವಾದರೆ ಪ್ರಥಮ ವರ್ತಮಾನ ವರದಿ ದಾಖಲಾಗಲೇಬೇಕು. ತನಿಖೆಯನ್ನು ಸಿ.ಐ.ಡಿ. ಅಥವಾ ಬೇರೆ ಠಾಣೆಯ ತಂಡ ನಡೆಸಬೇಕು. ಮ್ಯಾಜಿಸ್ಟ್ರೇಟರ ವಿಚಾರಣೆ ನಡೆಯಬೇಕು. ಹಾರಿಸಿದ ಶಸ್ತ್ರಗಳನ್ನು ಪರೀಕ್ಷೆಗಾಗಿ ಒಪ್ಪಿಸಬೇಕು. ಗಾಯಗೊಂಡವನಿಗೆ ವೈದ್ಯೋಪಚಾರ ಆಗಬೇಕು. ಶವಪರೀಕ್ಷೆಯನ್ನು ಇಬ್ಬರು ವೈದ್ಯರು ಮಾಡಿ ಚಿತ್ರೀಕರಿಸಬೇಕು. ಇನ್ನೊಂದು ನಿಯಮವನ್ನು ನಾವು ಬಹಳ ಮೆಚ್ಚುತ್ತೇವೆ: ಘಟನೆಯ ಬೆನ್ನಿಗೇ ಆ ಪೋಲೀಸರಿಗೆ ಬಡ್ತಿಯನ್ನೂ ಶೌರ್ಯ ಪದಕವನ್ನೂ ಕೊಡಕೂಡದು. ಗುಂಡು ಹಾರಿಸಿದರೆ ಬಹುಮಾನ ಎಂಬ ಲೆಕ್ಕ ಮನಸ್ಸಿನ ಮೂಲೆಯಲ್ಲಿಯೂ ಇರಬಾರದೆಂಬ ದೂರದೃಷ್ಟಿ ಅದರಲ್ಲಿದೆ.

ನಿಯಮ ಪುಸ್ತಕದಲ್ಲಿದ್ದರೆ ಸಾಕೆ? ೨೦೨೫ರ ಏಪ್ರಿಲ್ ೧೩ರಂದು ಹುಬ್ಬಳ್ಳಿಯಲ್ಲಿ ಐದು ವರ್ಷದ ಕೂಸೊಂದನ್ನು ಎತ್ತಿಕೊಂಡು ಹೋಗಿ ಕೊಂದ ಆರೋಪದ ಮೇಲೆ ಬಿಹಾರದ ಒಬ್ಬ ಕೂಲಿಯಾಳನ್ನು ಹಿಡಿದು, ಅದೇ ದಿನ ಅವನು ಪೋಲೀಸರ ಗುಂಡಿಗೆ ಸತ್ತ. ಓಡಲು ಯತ್ನಿಸಿ ಹಲ್ಲೆ ಮಾಡಿದನೆಂದು ಪೋಲೀಸರ ಹೇಳಿಕೆ. ಊರು ಮತ್ತೆ ಹಿಗ್ಗಿತು. ಮಗು ಯಾರ ಮನೆಯದಾದರೂ ಕರುಳು ಕಿವುಚುವ ಸಂಗತಿ ಅದು. ಊರಿನ ಕೋಪವನ್ನು ನಾವು ದೂರುವುದಿಲ್ಲ. ಆದರೆ ತನಿಖೆ ಸಿ.ಐ.ಡಿ.ಗೆ ಹೋಯಿತು, ಸಂಗತಿ ಹೈಕೋರ್ಟಿನ ಮುಂದೆಯೂ ಬಂತು. ೧೯೯೭ರಲ್ಲಿ ಬರೆದ ಆ ಪತ್ರವಿಲ್ಲದಿದ್ದರೆ, ೨೦೧೪ರ ತೀರ್ಪಿಲ್ಲದಿದ್ದರೆ, ಅಷ್ಟೂ ಆಗುತ್ತಿತ್ತೆ ಎಂಬುದು ಸಂಶಯ.

ಹುಬ್ಬಳ್ಳಿಯ ಆ ಸುದ್ದಿ ಓದುವಾಗ ನಮಗೆ ಇನ್ನೊಂದು ವಿಚಾರ ಬಂತು. ಸತ್ತವನು ಬೇರೆ ರಾಜ್ಯದಿಂದ ಹೊಟ್ಟೆಪಾಡಿಗೆ ಬಂದವನು. ಅಲ್ಲಿನ ಭಾಷೆಯವನಲ್ಲ, ಅವನ ಪರವಾಗಿ ನಿಲ್ಲುವ ಬಂಧುಗಳು ಹತ್ತಿರದಲ್ಲಿಲ್ಲ. ಅವನು ತಪ್ಪಿತಸ್ಥನೆ ಅಲ್ಲವೆ ಎಂಬುದು ಬೇರೆಯ ಮಾತು. ಬಂಧುಗಳೆ, ಈ ಕೊಂಡಾಪುರದಲ್ಲಿ ನಾವು ಯಾರು? ಕಂಪ್ಯೂಟರು ಕಚೇರಿಗಳಲ್ಲಿರುವ ನಮಗೆ ಬೆನ್ನಿಗೆ ಕಂಪನಿಯುಂಟು, ವಕೀಲರುಂಟು. ಆದರೆ ನಮ್ಮ ಮನೆಗಳನ್ನು ಕಟ್ಟಲು ಯಾದಗಿರಿ, ಕಲಬುರಗಿ, ರಾಯಚೂರು, ಬೀದರಗಳಿಂದ ಬಂದ ಕೂಲಿಕಾರರಿದ್ದಾರೆ. ಕಲ್ಲು ಮಣ್ಣು ಹೊತ್ತು, ಕಟ್ಟಡದ ನೆಲಮನೆಯಲ್ಲಿ ಮಲಗುವವರು. ಅವರಲ್ಲೊಬ್ಬನನ್ನು ಸಂಶಯದ ಮೇಲೆ ಠಾಣೆಗೆ ಕರೆದೊಯ್ದರೆ ಅವನು ತೆಲುಗಿನಲ್ಲಿ ತನ್ನ ಊರಿನ ಹೆಸರನ್ನೂ ಸರಿಯಾಗಿ ಹೇಳಲಾರ. ಪರಸ್ಥಳದವನ ಮೇಲೆ ಗುಂಡು ಹಾರಿದಾಗ ಹಿಗ್ಗುವವರು ತಾವೂ ಒಂದು ಊರಿನಲ್ಲಿ ಪರಸ್ಥಳದವರೆಂಬುದನ್ನು ನೆನೆಯಬೇಕಾಗುತ್ತದೆ.

ಪೋಲೀಸರ ಕಡೆಯ ಮಾತನ್ನೂ ಆಡಬೇಕು. ಇಲ್ಲದಿದ್ದರೆ ಬೆಟಾಲಿಯನ್ನಿನ ನೆರೆಯವರಾಗಿ ನಾವು ಕೃತಘ್ನರಾದೇವು. ಪರೀಕ್ಷೆ ಗೆದ್ದ ಹುಡುಗನಿಗೆ ಸುಮಾರು ಒಂಬತ್ತು ತಿಂಗಳ ಶಿಕ್ಷಣ. ಕವಾಯತು, ಕಾನೂನು, ಶಸ್ತ್ರವನ್ನು ಬಿಚ್ಚಿ ಜೋಡಿಸುವುದು, ಗುರಿಯಭ್ಯಾಸ. ಗುರಿಯಭ್ಯಾಸವೆಂದರೆ ಹಗಲು ಬೆಳಕಿನಲ್ಲಿ, ಮೇಲಿನವರ ಅಪ್ಪಣೆಯಂತೆ, ಅಲುಗಾಡದೆ ನಿಂತ ಹಲಗೆಗೆ ಹೊಡೆಯುವುದು. ನಿಜವಾದ ದಿನ ಬಂದಾಗ ಹಲಗೆ ಓಡುತ್ತದೆ, ಕಲ್ಲು ಎಸೆಯುತ್ತದೆ, ಅದರ ಹಿಂದೆ ಒಂದು ಮಗು ನಿಂತಿರುತ್ತದೆ. ಯಾವಾಗ ಹೊಡೆಯಬೇಕೆಂಬ ಪಾಠಕ್ಕಿಂತ ಯಾವಾಗ ಹೊಡೆಯಬಾರದೆಂಬ ಪಾಠ ಕಷ್ಟದ್ದು. ಅದು ಹಲಗೆಯ ಮುಂದೆ ಬರುವುದಿಲ್ಲ. ಬಣ್ಣದ ಗುಂಡುಗಳಿಂದ ಆಡಿ ತೋರಿಸುವ ಅಭ್ಯಾಸ, ಚಿತ್ರಪರದೆಯ ಮುಂದೆ ಕ್ಷಣದಲ್ಲಿ ತೀರ್ಮಾನಿಸುವ ಅಭ್ಯಾಸ, ಮಾತಿನಿಂದಲೇ ಎದುರಾಳಿಯನ್ನು ತಣಿಸುವ ಅಭ್ಯಾಸ ಈಗ ಲೋಕದ ಹಲವೆಡೆ ನಡೆದಿವೆ. ವಿಶ್ವಸಂಸ್ಥೆಯ ೧೯೯೦ರ ಹವಾನಾ ಸಮ್ಮೇಳನ ಒಪ್ಪಿದ ಮೂಲ ತತ್ತ್ವಗಳೂ ಇದನ್ನೇ ಕೇಳುತ್ತವೆ: ಪೋಲೀಸನಿಗೆ ಕೋವಿ ಕೊಡುವುದಾದರೆ ಕೋವಿಗಿಂತ ಸೌಮ್ಯವಾದ ಸಾಧನಗಳನ್ನೂ ಕೊಡಿ, ಅವುಗಳ ಬಳಕೆಯನ್ನೂ ಕಲಿಸಿ, ಹಾರಿಸಿದ ಮೇಲೆ ಅವನ ಮನಸ್ಸನ್ನೂ ನೋಡಿಕೊಳ್ಳಿ.

ಈ ಕೊನೆಯ ಮಾತು ಸಣ್ಣದಲ್ಲ. ೨೦೨೪ರ ಅಕ್ಟೋಬರಿನಲ್ಲಿ ಇದೇ ತೆಲಂಗಾಣದ ಬೆಟಾಲಿಯನ್ ಪೋಲೀಸರ ಮಡದಿಯರು ಮಕ್ಕಳನ್ನು ಕಂಕುಳಲ್ಲಿ ಎತ್ತಿಕೊಂಡು ಬೀದಿಗೆ ಬಂದು ಕೂತರು. ಗಂಡಂದಿರು ವಾರಗಟ್ಟಲೆ ಮನೆಗೆ ಬರುವುದಿಲ್ಲ, ಊರಿಂದೂರಿಗೆ ಅಲೆಸುತ್ತಾರೆ, ಉಳಿದ ಪೋಲೀಸರಂತೆ ಒಂದು ಕಡೆ ನಿಲ್ಲಿಸಿ ಎಂಬುದು ಅವರ ಕೋರಿಕೆಯಾಗಿತ್ತು. ನಿದ್ರೆಗೆಟ್ಟವನ ಬೆರಳಿಗೆ ಕುದುರೆ ಒಪ್ಪಿಸಿ ವಿವೇಕವನ್ನು ಅಪೇಕ್ಷಿಸುವುದು ಯಾವ ಶಿಕ್ಷಣದಿಂದಲೂ ಸಾಧ್ಯವಿಲ್ಲ. ಚಟಾನ್‌ಪಲ್ಲಿಯ ವರದಿಯಿಂದ ಆಪಾದನೆ ಹೊತ್ತವರೂ ಹೆಚ್ಚಾಗಿ ಕೆಳಗಿನ ದರ್ಜೆಯವರೇ. ಬರಹದಲ್ಲಿ ಆಜ್ಞೆಯಿಲ್ಲದೆ, ಬರೀ ಜನರ ಜಯಕಾರವನ್ನು ನಂಬಿ ಗುಂಡು ಹಾರಿಸಿದರೆ, ಹೂವು ಬಾಡಿದ ಮೇಲೆ ಕಟಕಟೆಯಲ್ಲಿ ನಿಲ್ಲಬೇಕಾದವನು ಕಾನ್‌ಸ್ಟೇಬಲ್ಲನೇ. ಗುಂಡಿನ ಲೆಕ್ಕ, ಕಾಡತೂಸಿನ ಲೆಕ್ಕ, ಆಜ್ಞೆ ಕೊಟ್ಟವರ ಸಹಿ ಇವೆಲ್ಲ ಅವನಿಗೂ ರಕ್ಷೆ.

ಲೆಕ್ಕ ಕೇಳುವ ಕಚೇರಿಗಳೂ ಇವೆಯೆಂಬುದನ್ನು ತಿಳಿದಿರಿ. ೨೦೦೬ರ ಸೆಪ್ಟೆಂಬರ್ ೨೨ರಂದು, ಸ್ವತಃ ಪೋಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ ಅವರು ಹೂಡಿದ ಮೊಕದ್ದಮೆಯಲ್ಲಿ, ರಾಜ್ಯದಲ್ಲಿಯೂ ಜಿಲ್ಲೆಗಳಲ್ಲಿಯೂ ಪೋಲೀಸರ ಮೇಲಿನ ದೂರುಗಳಿಗಾಗಿ ಪ್ರತ್ಯೇಕ ಪ್ರಾಧಿಕಾರ ಸ್ಥಾಪಿಸಬೇಕೆಂದು ಸುಪ್ರೀಂ ಕೋರ್ಟು ಅಪ್ಪಣೆ ಮಾಡಿತು. ಕರ್ನಾಟಕ ೨೦೧೨ರಲ್ಲಿ ತನ್ನ ಪೋಲೀಸ್ ಕಾಯಿದೆಯನ್ನು ತಿದ್ದಿ ಅದಕ್ಕೆ ಅವಕಾಶ ಮಾಡಿತು. ಊರಿನಲ್ಲಿರುವ ನಿಮ್ಮ ಅಣ್ಣತಮ್ಮಂದಿರಿಗೆ ಇದನ್ನು ತಿಳಿಸಿ. ಬಹಳ ಮಂದಿಗೆ ಇದರ ಹೆಸರೇ ಗೊತ್ತಿಲ್ಲ.

ಕೊನೆಯದಾಗಿ ಒಂದು ಕೆಲಸದ ಮಾತು. ಗೋಲಿಬಾರಾದಾಗ ಮ್ಯಾಜಿಸ್ಟ್ರೇಟರ ವಿಚಾರಣೆ ಗೊತ್ತಾದರೆ ಪತ್ರಿಕೆಯ ಒಳಪುಟದಲ್ಲಿ ಸಣ್ಣಕ್ಷರದ ಒಂದು ಪ್ರಕಟಣೆ ಬರುತ್ತದೆ: ಘಟನೆಯನ್ನು ಕಂಡವರು, ಚಿತ್ರ ತೆಗೆದವರು, ಇಂಥ ದಿನ ಇಂಥ ಕಚೇರಿಗೆ ಬಂದು ಹೇಳಿಕೆ ಕೊಡಬಹುದು. ೨೦೧೯ರಲ್ಲಿ ಮಂಗಳೂರಿನ ವಿಚಾರಣೆಯನ್ನು ಉಡುಪಿಯ ಜಿಲ್ಲಾಧಿಕಾರಿಗಳಿಗೆ ವಹಿಸಿದಾಗಲೂ ಜನರಿಂದ ಸಾಕ್ಷ್ಯ ಕೇಳಿದ್ದರು. ಆ ದಿನ ಕಂಡವರು ಬರದಿದ್ದರೆ ಕಡತದಲ್ಲಿ ಒಂದೇ ಕಡೆಯ ಮಾತು ಉಳಿಯುತ್ತದೆ. ಹತ್ತು ಮಂದಿಯೋ ಮೂವತ್ತೆರಡು ಮಂದಿಯೋ ಎಂದು ಎಂಬತ್ತು ವರ್ಷ ಕಳೆದರೂ ಜಗಳವಾಡುವ ಸ್ಥಿತಿ ಬರುವುದು ಹೀಗೆಯೇ. ಆದ್ದರಿಂದ ನಮ್ಮ ಸಂಘದ ಕಾರ್ಯಕಾರಿಣಿಯವರ ಮುಂದೆ ಒಂದು ಸೂಚನೆ ಇಡುತ್ತೇವೆ. ತೆಲುಗು, ಉರ್ದು ಬರೆಯಬಲ್ಲ ನಾಲ್ಕೈದು ಮಂದಿಯ ಹೆಸರು ಮತ್ತು ಫೋನ್ ಸಂಖ್ಯೆಗಳನ್ನು ಸಂಘದ ಕಚೇರಿಯ ಹಲಗೆಯ ಮೇಲೆ ಹಾಕಿಡಿ. ಸಾಕ್ಷಿ ಹೇಳಲು ಹೋಗುವ ಕನ್ನಡಿಗನಿಗೂ, ರಾತ್ರಿ ಠಾಣೆಯಲ್ಲಿ ಕೂತ ಯಾದಗಿರಿಯ ಕೂಲಿಯವನಿಗೂ, ಮಗಳು ಇನ್ನೂ ಬಂದಿಲ್ಲವೆಂದು ದೂರು ಬರೆಸಲು ಓಡಿದ ತಾಯಿಗೂ ಅವರು ಜೊತೆಯಲ್ಲಿ ಹೋಗಲಿ. ಅಂಥವರ ಪಟ್ಟಿಯಲ್ಲಿ ನಮ್ಮ ಹೆಸರನ್ನು ಮೊದಲು ಬರೆದುಕೊಳ್ಳಬಹುದು.